ಹಾಲಿನಲ್ಲಿ ಕಂಡ ಕೂದಲು

ಹಾಲಿನ ಕ್ಯಾನಿನೊಳಕ್ಕೆ ನೋಡುವಾಗ ದೊಡ್ಡವ್ವನ ಮೂಗುಬೊಟ್ಟು ಇನ್ನೇನು ಹಾಲಿಗೆ ತಾಗಿತು ಅನ್ನಿಸುತ್ತಿತ್ತು. ಎಡಗೈಯಲ್ಲಿ ಸೆರಗನ್ನು ಎದೆಗೊತ್ತಿ ಹಿಡಿದು, ಸೊಂಟದಿಂದ ಪೂರಾ ಬಗ್ಗಿ, ಆ ದೊಡ್ಡ ಕಣ್ಣುಗಳನ್ನು ಮಿಟುಕಿಸದೆ ಒಂದು ಗಳಿಗೆ ನೋಡಿ, ಆಮೇಲೆ "ಸುರಿಯವ್ವ" ಅನ್ನುವಳು. ಆ ಒಂದು ಮಾತು ಬರುವವರೆಗೆ ಹಾಲು ತಂದ ಹೆಂಗಸು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದಳು.

ದೊಡ್ಡವ್ವ ನನ್ನ ತಾಯಿಯ ಅಕ್ಕ. ಕನಕಪುರಕ್ಕೆ ಹತ್ತಿರದ ಹಳ್ಳಿಯಲ್ಲಿ ಹೆಂಗಸರೇ ನಡೆಸುವ ಹಾಲಿನ ಡೈರಿಗೆ ಸೆಕ್ರೆಟರಿ. ನಾನು ಕನಕಪುರದಲ್ಲಿ ಬಿ.ಎಡ್. ಓದುವಾಗ ಅವಳ ಮನೆಯಲ್ಲೇ ಇದ್ದೆ. ದೊಡ್ಡಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು. ಅವಳ ಮಗ, ನಾನು ಅಣ್ಣ ಎಂದು ಕರೆಯುವವನು, ಹಿಪ್ಪುನೇರಳೆ ತೋಟ ನೋಡಿಕೊಳ್ಳುತ್ತಿದ್ದ. ಬೆಳಿಗ್ಗೆ, ಸಂಜೆ ಡೈರಿಯಲ್ಲಿ ದೊಡ್ಡವ್ವನಿಗೆ ಕೈಜೋಡಿಸುವುದು ನನ್ನ ಪಾಲಿಗೆ ಬಂದಿತ್ತು.

ಇಡೀ ಊರಿನ ಹಾಲು ಅಳೆಯುತ್ತಿದ್ದ ಅವಳು ತಾನು ಮಾತ್ರ ಕುಡಿಯುತ್ತಿದ್ದುದು ಬೆಲ್ಲದ ಕಪ್ಪು ಕಾಫಿ. ದಿನವಿಡೀ ಹಾಲಿನ ವಾಸನೆ ಕುಡಿದು ಕುಡಿದು ಸಾಕಾಗಿದೆ ಅನ್ನುತ್ತಿದ್ದಳು. ಡೈರಿಯ ನೆಲವನ್ನು ತಾನೇ ತೊಳೆಯುವಳು, ಬೇರೆಯವರು ತೊಳೆದರೆ ಮತ್ತೊಮ್ಮೆ ತೊಳೆಯುವಳು. ಸಾಲಿನಲ್ಲಿ ನಿಂತ ಹೆಂಗಸರು ಯಾರದಾದರೂ ಮನೆಯ ಸುದ್ದಿ ತೆಗೆದರೆ ತಲೆ ಎತ್ತದೆ ಕೇಳುವಳು: "ನೀನ್ ಕಂಡಿದ್ಯಾ?" ಅಲ್ಲಿಗೆ ಆ ಸುದ್ದಿ ನಿಂತುಹೋಗುತ್ತಿತ್ತು. ಕಣ್ಣಾರೆ ಕಂಡದ್ದನ್ನು ಬಿಟ್ಟು ಬೇರೆ ಏನನ್ನೂ ಅವಳು ನಂಬುತ್ತಿರಲಿಲ್ಲ. ಅರವತ್ತು ದಾಟಿದ್ದರೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತೇನೆ ಎನ್ನುವುದು ಅವಳಿಗಿದ್ದ ಒಂದೇ ಜಂಬ.

ಒಂದು ಬೆಳಿಗ್ಗೆ ಕೆಳಬೀದಿಯ ಹೆಂಗಸೊಬ್ಬಳ ಹಾಲನ್ನು ಅವಳು ವಾಪಸು ಕಳಿಸಿದಳು. ನಾನು ಕೆಳಬೀದಿ ಅತ್ತೆ ಎಂದು ಕರೆಯುತ್ತಿದ್ದ ಆಕೆ ಸಾಧು ಹೆಂಗಸು. ಮನೆಯಲ್ಲಿ ಒಂದೇ ಹಸು. ದೊಡ್ಡವ್ವ ಕ್ಯಾನಿನೊಳಗೆ ನೋಡಿ, ಇದರಲ್ಲಿ ಕೂದಲು ಬಿದ್ದಿದೆ ಎಂದಳು. ಅತ್ತೆಯೂ ಬಗ್ಗಿ ನೋಡಿ, ಏನೂ ಕಾಣುತ್ತಿಲ್ಲವಲ್ಲಾ ಅಕ್ಕ ಎಂದಳು. ದೊಡ್ಡವ್ವ ಮತ್ತೆ ನೋಡಿದಳು. ಕೂದಲು ಇತ್ತು, ಹಾಲಿನ ಮೇಲೆ ಮೆಲ್ಲಗೆ ಸರಿದಾಡುತ್ತಿತ್ತು. ಸಾಲಿನಲ್ಲಿದ್ದವರೆಲ್ಲ ಕುತ್ತಿಗೆ ಚಾಚಿದರು. ಅತ್ತೆ ಕ್ಯಾನಿನ ಮುಚ್ಚಳ ಹಾಕಿಕೊಂಡು, ಮುಖ ಕೆಳಗೆ ಮಾಡಿಕೊಂಡು ಹೊರಟುಹೋದಳು.

ಮುಂದಿನ ಕ್ಯಾನು ಬಂತು. ಅದರಲ್ಲೂ ಅದೇ ಕೂದಲು.

ದೊಡ್ಡವ್ವ ಸೋಸುವ ಜಾಲರಿಯನ್ನು ಕೆಳಗಿಟ್ಟು, ಸುಣ್ಣ ಬಳಿದ ಗೋಡೆಯ ಕಡೆ ತಿರುಗಿದಳು. ಬಲಗಣ್ಣು ಮುಚ್ಚಿದಳು, ಎಡಗಣ್ಣು ಮುಚ್ಚಿದಳು. ಇನ್ನುಳಿದ ಕ್ಯಾನುಗಳನ್ನು ನೀನೇ ನೋಡು ಎಂದು ನನ್ನನ್ನು ಮುಂದೆ ನಿಲ್ಲಿಸಿದಳು.

ಸಂಜೆ ಹಾಲು ಹಾಕುವ ಹೊತ್ತಿಗೆ ಅತ್ತೆ ಬರಲಿಲ್ಲ. ದೊಡ್ಡವ್ವ ಸಾಲನ್ನು ಹಾಗೇ ನಿಲ್ಲಿಸಿ, ಕೆಳಬೀದಿಗೆ ಹೋಗಿ, ಅವಳನ್ನು ಕೈಹಿಡಿದು ಕರೆತಂದಳು. ಎಲ್ಲರೂ ಕೇಳುವಂತೆ ಹೇಳಿದಳು:

"ಬೆಳಿಗ್ಗೆ ಕೂದ್ಲಿದ್ದುದ್ದು ಇವಳ ಹಾಲಲ್ಲಿ ಅಲ್ಲ. ನನ್ ಕಣ್ಣಲ್ಲಿ. ತೆಪ್ಪು ನಂದು ಕಣ್ರವ್ವ."

ಅತ್ತೆ ಕಣ್ಣೊರೆಸಿಕೊಂಡಳು. ತನ್ನ ಹಾಲು ಒಳ್ಳೆಯದೆಂದು ಗೊತ್ತಾದ ಸಮಾಧಾನಕ್ಕಿಂತ, ಅಕ್ಕನ ಕಣ್ಣಿಗೆ ಏನಾಯಿತೋ ಎಂಬ ದಿಗಿಲೇ ಅವಳ ಮುಖದಲ್ಲಿ ಹೆಚ್ಚಾಗಿ ಕಾಣುತ್ತಿತ್ತು.

ಕನಕಪುರದ ಕಣ್ಣಿನ ಡಾಕ್ಟರು ಔಷಧಿ ಬಿಟ್ಟು, ಪಾಪೆ ಅಗಲವಾದ ಮೇಲೆ ನೋಡಿ, ಗಾಬರಿ ಬೇಡ ಎಂದರು. ಕಣ್ಣುಗುಡ್ಡೆಯೊಳಗೆ ಲೋಳೆಯಂಥದ್ದು ತುಂಬಿರುತ್ತದೆ, ವಯಸ್ಸಾದಂತೆ ಅದು ಕುಗ್ಗಿ ಅಲ್ಲಲ್ಲಿ ಎಳೆಗಟ್ಟುತ್ತದೆ, ಆ ಎಳೆಗಳ ನೆರಳೇ ಹೀಗೆ ತೇಲಾಡಿದಂತೆ ಕಾಣುವುದು, ಬರಬರುತ್ತ ರೂಢಿಯಾಗುತ್ತದೆ ಎಂದು ಬಿಡಿಸಿ ಹೇಳಿದರು. ಎಳೆಗಳು ಒಮ್ಮೆಲೇ ಹೆಚ್ಚಾದರೆ, ಕಣ್ಣಂಚಿನಲ್ಲಿ ಮಿಂಚು ಹೊಡೆದಂತಾದರೆ ಮಾತ್ರ ತಡಮಾಡದೆ ಬರಬೇಕು ಎಂದೂ ಹೇಳಿ ಕಳಿಸಿದರು.

ರೂಢಿಯಾಗುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ದೊಡ್ಡವ್ವ ಮೊದಮೊದಲು ಗಾಳಿಯಲ್ಲಿ ಕೈಯಾಡಿಸಿ ಸೊಳ್ಳೆ ಓಡಿಸುತ್ತಿದ್ದಳು, ಇಲ್ಲದ ಸೊಳ್ಳೆ. ಪೇಪರ್ ಓದುವಾಗ ಅಕ್ಷರಕ್ಕೆ ಅಡ್ಡವಾಗಿ ಎಳೆ ಬಂದರೆ ತಲೆ ಒದರಿ ಪಕ್ಕಕ್ಕೆ ಸರಿಸಿ ಮತ್ತೆ ಓದುವಳು. ಆಕಾಶ ನೋಡುವುದನ್ನೇ ಬಿಟ್ಟಳು. ಊಟಕ್ಕೆ ಅನ್ನ ಬಡಿಸಿದರೆ ತಟ್ಟೆ ಸರಿಸಿ, "ಅನ್ನದ್ ಮ್ಯಾಲೆ ಹುಳ ಹರ್ದಂಗಾಯ್ತದೆ, ಮುದ್ದೇನೇ ಹಾಕು. ಮುದ್ದೆ ಮ್ಯಾಲೆ ಒಂದೂ ಕಾಣಕ್ಕಿಲ್ಲ" ಅನ್ನುವಳು. ಅದನ್ನು ಹೇಳಿ ತಾನೇ ನಗುವಳು. ಆದರೆ ಡೈರಿಗೆ ಹೋದಾಗ ನಗು ಇರುತ್ತಿರಲಿಲ್ಲ. ಕ್ಯಾನಿನ ಮುಂದೆ ನಿಂತು, ಕಂಡದ್ದು ಹಾಲಿನಲ್ಲಿದೆಯೋ ಕಣ್ಣಿನಲ್ಲಿದೆಯೋ ತಿಳಿಯದೆ ನನ್ನ ಮುಖ ನೋಡುವಳು. ಕೆಲಸ ಬಿಟ್ಟುಬಿಡುತ್ತೇನೆ ಎಂದು ಒಂದು ದಿನ ಅಣ್ಣನ ಹತ್ತಿರ ಹೇಳಿದ್ದು ನನ್ನ ಕಿವಿಗೆ ಬಿತ್ತು.

ಅಷ್ಟರಲ್ಲಿ ಅಣ್ಣನ ಮೊಬೈಲಿನಲ್ಲಿ ಯಾರೋ ಡಾಕ್ಟರು ಮಾತಾಡುವ ವಿಡಿಯೋ ಬಂತು. ತೇಲುವ ಎಳೆಗಳನ್ನು ಲೇಸರಿನಿಂದ ಸುಟ್ಟು ಕರಗಿಸಬಹುದಂತೆ. ದೊಡ್ಡವ್ವ ಅದನ್ನು ಹಾಕಿಸಿಕೊಂಡು ಮತ್ತೆ ಮತ್ತೆ ನೋಡಿದಳು. ಹೇಗಾದರೂ ಸರಿ, ಲೇಸರ್ ಮಾಡಿಸಿಕೊಳ್ಳಲೇಬೇಕು ಎಂದು ಹಟ ಹಿಡಿದಳು. ಬೆಂಗಳೂರಿನ ಒಂದು ಕಣ್ಣಿನ ಆಸ್ಪತ್ರೆಗೆ ನಾನೂ ಅವಳೂ ಹೊರಟೆವು.

ಬಸ್ಸು ಹಾರೋಹಳ್ಳಿ ದಾಟಿದ ಮೇಲೆ ಕಿಟಕಿಯಾಚೆ ನೋಡುತ್ತಿದ್ದವಳು ನನ್ನ ಕಡೆ ತಿರುಗಿ, ಎರಡು ಮೂರು ದಿನದಿಂದ ಕಣ್ಣ ಮೂಲೆಯಲ್ಲಿ ಟ್ಯೂಬ್‌ಲೈಟ್ ಹೊತ್ತಿಕೊಳ್ಳುವ ಹಾಗೆ ಪಕಪಕ ಅನ್ನುತ್ತಿದೆ ಎಂದಳು. ಕನಕಪುರದ ಡಾಕ್ಟರು ಹೇಳಿದ್ದ ಮಿಂಚು ಅದೇ. ಯಾಕೆ ಹೇಳಲಿಲ್ಲ ಎಂದರೆ, ಹೇಗಿದ್ದರೂ ಬೆಂಗಳೂರಿಗೆ ಹೋಗುತ್ತೇವಲ್ಲ ಎಂದು ಸುಮ್ಮನಿದ್ದಳಂತೆ.

ಆಸ್ಪತ್ರೆಯ ಡಾಕ್ಟರು ನನಗಿಂತ ಐದಾರು ವರ್ಷಕ್ಕೆ ದೊಡ್ಡ ಹುಡುಗಿ. ಹಣೆಗೆ ದೀಪ ಕಟ್ಟಿಕೊಂಡು, ಮೇಲೆ ನೋಡಿ, ಕೆಳಗೆ ನೋಡಿ, ಪಕ್ಕಕ್ಕೆ ನೋಡಿ ಎನ್ನುತ್ತ ಬಹಳ ಹೊತ್ತು ಪರೀಕ್ಷೆ ಮಾಡಿದರು. ಮಾತು ಕಡಿಮೆಯಾದಾಗಲೇ ನನಗೆ ಏನೋ ಇದೆ ಅನ್ನಿಸಿತು. ಕೊನೆಗೆ ಸ್ಟೂಲನ್ನು ಹತ್ತಿರ ಎಳೆದುಕೊಂಡು ಕೂತು, ದೊಡ್ಡವ್ವನ ಕೈ ಮೇಲೆ ಕೈಯಿಟ್ಟರು. ನಿಮ್ಮ ಎಳೆಗಳು ಕಣ್ಣಿನ ಹಿಂಪರದೆಗೆ ತೀರಾ ಹತ್ತಿರ ಇವೆ, ಅಲ್ಲಿಗೆ ಲೇಸರ್ ಹೊಡೆದರೆ ಪರದೆಗೇ ಪೆಟ್ಟಾದೀತು, ನಾನು ಮಾಡುವುದಿಲ್ಲ ಎಂದರು. ಆದರೆ ಬಲಗಣ್ಣಿನ ಪರದೆ ಒಂದು ಅಂಚಿನಲ್ಲಿ ಸಣ್ಣಗೆ ಹರಿದಿದೆ. ಹಾಗೇ ಬಿಟ್ಟರೆ ಗೋಡೆಗಂಟಿಸಿದ ಕಾಗದ ಕಿತ್ತು ಬರುವ ಹಾಗೆ ಬಿಚ್ಚಿಕೊಂಡು ದೃಷ್ಟಿಯೇ ಹೋಗಬಹುದು. ಹರಿದ ಜಾಗದ ಸುತ್ತ ಲೇಸರಿನಿಂದಲೇ ಹೊಲಿಗೆ ಹಾಕಿದಂತೆ ಮಾಡಬೇಕು, ಅದೂ ಇವತ್ತೇ.

ದೊಡ್ಡವ್ವ ಎಲ್ಲವನ್ನೂ ಕೇಳಿಸಿಕೊಂಡು, "ಆ ಹೊಲ್ಗೆ ಹಾಕುದ್ರೆ ಈ ಎಳೆ ಹೋಯ್ತದಾ?" ಎಂದು ಕೇಳಿದಳು.

"ಇಲ್ಲಮ್ಮ. ಎಳೆ ಹಾಗೇ ಇರುತ್ತೆ."

ಅವಳು ತನ್ನ ಅಂಗೈ ನೋಡಿಕೊಂಡಳು. ಅಷ್ಟು ದೂರದಿಂದ ಆಸೆಪಟ್ಟು ಬಂದದ್ದು ಅದೊಂದಕ್ಕೇ ಅಲ್ಲವೇ. ಆಮೇಲೆ ತಲೆಯೆತ್ತಿದಳು.

"ಸರಿ, ಹಾಕು ಮಗ. ಕಣ್ಣಿದ್ರೆ ತಾನೆ ಎಳೆ ಕಾಣೋದು."

ಆ ಡಾಕ್ಟರ ಮುಖದಲ್ಲಿ ಅಂದು ಕಂಡ ನಗು ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ. ದೊಡ್ಡವ್ವ ಯಂತ್ರಕ್ಕೆ ಗಲ್ಲ ಕೊಟ್ಟು ಅಲ್ಲಾಡದೆ ಕೂತಳು. ಹಸಿರು ಬೆಳಕು ಮತ್ತೆ ಮತ್ತೆ ಮಿಂಚಿತು. ಒಸಿ ಚುಚ್ಚಿದಂತಾಯಿತು ಅಷ್ಟೇ ಎಂದು ಹೊರಗೆ ಬಂದಳು. ಕಪ್ಪು ಕನ್ನಡಕ ಹಾಕಿಕೊಂಡು ಬಸ್ಸಿನಲ್ಲಿ ಕೂತವಳು ಊರು ಬರುವವರೆಗೂ ನಿದ್ದೆ ಮಾಡಿದಳು. ನನ್ನ ಹೆಗಲು ಜೋಮು ಹಿಡಿದಿತ್ತು, ಅಲುಗಾಡಿಸಲು ಮನಸ್ಸಾಗಲಿಲ್ಲ.

ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದ ದಿನಗಳನ್ನು ಹೇಗೋ ಕಳೆದು ಅವಳು ಡೈರಿಗೆ ಮರಳಿದಳು. ಮೊದಲ ಸಭೆಯಲ್ಲೇ, ಹಾಲು ನೋಡುವ ಕೆಲಸ ಇನ್ನು ಮುಂದೆ ಕೆಳಬೀದಿಯವಳದು ಎಂದು ಹೇಳಿ ಎಲ್ಲರನ್ನೂ ಒಪ್ಪಿಸಿದಳು. ನನ್ನ ಕೈಲಾಗುತ್ತದಾ ಅಕ್ಕ ಎಂದು ಅತ್ತೆ ಹಿಂಜರಿದರೆ, "ಕಣ್ಣು ನಿಂದು, ಲೆಕ್ಕ ನಂದು. ನಿಂತ್ಕ ಬಾ" ಎಂದು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಅಲ್ಲಿಂದಾಚೆ ಅವರಿಬ್ಬರೂ ಒಬ್ಬರನ್ನೊಬ್ಬರು ಬಿಟ್ಟಿರಲಿಲ್ಲ. ಡೈರಿ ಬಾಗಿಲು ಹಾಕಿದ ಮೇಲೆ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತ, ಯಾರ ಹಸು ಕರು ಹಾಕಿತು, ಯಾರ ಮಗಳು ಬಾಣಂತನಕ್ಕೆ ಬಂದಳು ಎಂದು ಮಾತಾಡುವರು. ದೊಡ್ಡವ್ವನ ಕಣ್ಣಿನಲ್ಲಿ ಎಳೆಗಳು ಇದ್ದೇ ಇದ್ದವು. ಇವತ್ತು ದೊಡ್ಡದು ಎದ್ದಿಲ್ಲ, ಚಿಕ್ಕದು ಮಾತ್ರ ಆಡುತ್ತಿದೆ ಎಂದು ಮನೆಮಕ್ಕಳ ವಿಷಯ ಹೇಳುವಂತೆ ಹೇಳುವಳು. ಅನ್ನವನ್ನೂ ಮತ್ತೆ ಉಣ್ಣತೊಡಗಿದಳು. ಸಂಜೆ ಹೊತ್ತು ಅಂಗಳದಲ್ಲಿ ನಿಂತು ಮೋಡ ನೋಡುವುದನ್ನೂ ನಾನು ಕಂಡೆ.

ನಾನು ಮದುವೆಯಾಗಿ ರಾಮನಗರಕ್ಕೆ ಬಂದು ಶಾಲೆಗೆ ಸೇರಿದೆ. ಹೋದ ವರ್ಷ ದೊಡ್ಡವ್ವ ಮಧ್ಯಾಹ್ನ ಊಟ ಮಾಡಿ ಮಲಗಿದವಳು ಏಳಲಿಲ್ಲ. ನಾನು ಹೋಗಿ ಮುಟ್ಟುವಷ್ಟರಲ್ಲಿ ಮನೆ ತುಂಬಾ ಜನ. ಕಣ್ಣು ದಾನ ಕೊಡುವ ಮಾತು ಎತ್ತಿದವಳು ಕೆಳಬೀದಿ ಅತ್ತೆ. ಹಿರಿಯರಿಬ್ಬರು ಬೇಡವೆಂದರು. ಅಣ್ಣ ನನ್ನ ಕಡೆ ನೋಡಿದ. ನಾನು ಹೇಳಿದೆ: ಲೇಸರ್ ಆದ ಮೇಲೆ ಮತ್ತೊಮ್ಮೆ ತೋರಿಸಿಕೊಳ್ಳಲು ಬೆಂಗಳೂರಿಗೆ ಹೋದಾಗ ದೊಡ್ಡವ್ವ ಆ ಹುಡುಗಿ ಡಾಕ್ಟರನ್ನು ನನ್ನೆದುರೇ ಕೇಳಿದ್ದಳು, ತಾನು ಸತ್ತ ಮೇಲೆ ಕಣ್ಣು ಕೊಟ್ಟರೆ ಈ ಎಳೆಗಳು ಹಾಕಿಸಿಕೊಂಡವರಿಗೂ ಹೋಗುತ್ತವಾ ಎಂದು. ಇಲ್ಲ, ನಾವು ಇನ್ನೊಬ್ಬರಿಗೆ ಹಾಕುವುದು ಮುಂದಿನ ಗಾಜಿನಂಥ ಪದರ ಮಾತ್ರ ಎಂದಿದ್ದರು ಡಾಕ್ಟರು. "ಹಂಗಾರೆ ಕೊಡ್ತೀನಿ. ಪಾಪ, ಅವ್ರಿಗ್ಯಾಕೆ ಇವುಗಳ ಕಾಟ" ಎಂದಿದ್ದಳು ದೊಡ್ಡವ್ವ. ನಾನು ಇದನ್ನು ಹೇಳಿದಾಗ ಅಳುತ್ತಿದ್ದವರೂ ನಕ್ಕುಬಿಟ್ಟರು. ಹಿರಿಯರು ಮತ್ತೆ ಬೇಡವೆನ್ನಲಿಲ್ಲ. ಕಣ್ಣಿನ ಬ್ಯಾಂಕಿನವರು ಬಂದು, ಕೈಮುಗಿದು, ತೆಗೆದುಕೊಂಡು ಹೋದರು.

ತಿಥಿಯ ದಿನ ಅಣ್ಣನಿಗೆ ಫೋನು ಬಂತು. ಎರಡು ಕಣ್ಣೂ ಇಬ್ಬರಿಗೆ ಆದವಂತೆ, ಇಬ್ಬರಿಗೂ ಈಗ ಕಾಣುತ್ತಿದೆಯಂತೆ. ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದ ಅತ್ತೆಗೆ ನಾನೇ ಹೋಗಿ ಹೇಳಿದೆ. ಯಾರಿಗೆ ಹಾಕಿದರಂತೆ ಎಂದು ಕೇಳಿದಳು. ಹೆಸರು ಹೇಳುವುದಿಲ್ಲವಂತೆ ಎಂದೆ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಯಾರಾರಾ ಆಗ್ಲಿ ಬುಡು ಮಗ" ಎಂದಳು. "ನೋಡ್ಕಂಡ್ ಚೆಂದಾಗಿರ್ಲಿ."