ಐದನೇ ಕುರ್ಚಿಯಲ್ಲಿ ನಮ್ಮ ವೈನಿ

ಸಂಶಿಯ ಬಜಾರದಲ್ಲಿ ನನ್ನದೊಂದು ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. ಮಿಕ್ಸರ್, ಫ್ಯಾನು, ಪಂಪಿನ ಸ್ಟಾರ್ಟರ್ ಮಾರುತ್ತೇನೆ. ಗಿರಾಕಿಗಳಿಗೆ ತೋರಿಸಲೆಂದು ಗೋಡೆಗೆ ಹಾಕಿದ್ದ ದೊಡ್ಡ ಟಿವಿ ಮಾರಾಟವಾಗದೆ ಉಳಿದು, ಈಗ ಇಡೀ ಬಜಾರದ ಆಸ್ತಿಯಾಗಿದೆ. ಭಾನುವಾರ ಸಂಜೆ ಅದರಲ್ಲಿ ಒಂದು ಹಾಸ್ಯ ಕಾರ್ಯಕ್ರಮ ಬರುತ್ತದೆ. ಉದ್ದನೆಯ ಮೇಜಿನ ಹಿಂದೆ ನಾಲ್ವರು ಕಾಯಂ ಕಲಾವಿದರು ಕೂತಿರುತ್ತಾರೆ. ಐದನೇ ಕುರ್ಚಿ ವಾರಕ್ಕೊಬ್ಬ ಅತಿಥಿಗೆ. ನಿರೂಪಕ ಒಂದು ವಿಷಯ ಕೊಟ್ಟರೆ ಐವರೂ ಅಲ್ಲೇ, ಆಗಲೇ ನಗಿಸಬೇಕು.

ಆ ನಾಲ್ವರು ನಮಗೆ ಮನೆಯವರಿದ್ದಂತೆ. ಅತಿಥಿಯ ಮೇಲೆ ಮಾತ್ರ ನಮ್ಮದು ಬೀಗರ ಕಣ್ಣು. "ಇಂವನ್ನ ಯಾಕ ಕರದಾರೋ ಮಾರಾಯ, ನಗಿ ಇರ್ಲಿ, ಆಕಳಿಕಿ ಬರಾಕತ್ತೈತಿ" ಎಂದು ಬಾಜು ಕಿರಾಣಿ ಅಂಗಡಿಯ ಕಾಕಾ ಮೊದಲ ತೀರ್ಪು ಕೊಡುತ್ತಿದ್ದರು. ಆಮೇಲೆ ಅದೇ ಕಾರ್ಯಕ್ರಮದ ತುಣುಕುಗಳ ಕೆಳಗೆ ಜನ ಬರೆದ ಕಾಮೆಂಟುಗಳನ್ನು ನಾನು ಫೋನಿನಲ್ಲಿ ನೋಡಿ ಗಟ್ಟಿಯಾಗಿ ಓದುತ್ತಿದ್ದೆ. ಅತಿಥಿಗೆ ಬೈಗುಳ ಬಿದ್ದಷ್ಟೂ ಅಂಗಡಿಯಲ್ಲಿ ಕೇಕೆ.

ಆ ಕುರ್ಚಿಗೆ ಒಂದು ದಿನ ನಮ್ಮ ವೈನಿಗೇ ಕರೆ ಬಂತು.

ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ತವರು ಶಲವಡಿ. ಮೆಣಸಿನಕಾಯಿ ಬಿಡಿಸುವಾಗ ಅವರು ಯಾವ ಸಾಲು ಹಿಡಿದರೆ ಉಳಿದ ಹೆಣ್ಣುಮಕ್ಕಳೆಲ್ಲ ಆ ಸಾಲಿಗೇ ಸರಿಯುತ್ತಿದ್ದರು, ಮಾತು ಕೇಳಲಿಕ್ಕೆ. ಕುಂದಗೋಳದಲ್ಲಿ ಮಹಿಳಾ ಸಂಘದ ಒಂದು ಸಭೆಗೆ ಮುಖ್ಯ ಅತಿಥಿ ಬರುವುದು ತಡವಾದಾಗ, ಜನ ಎದ್ದು ಹೋಗದಿರಲಿ ಎಂದು ಇವರ ಕೈಗೆ ಮೈಕು ಕೊಟ್ಟರು. ಅತಿಥಿ ಬಂದು ಕೂತ ಮೇಲೂ ಜನ ಆ ಮೈಕನ್ನು ಇವರ ಕೈಯಿಂದ ತೆಗೆದುಕೊಳ್ಳಗೊಡಲಿಲ್ಲ. ಯಾರೋ ಅದನ್ನು ಫೋನಿನಲ್ಲಿ ಹಿಡಿದು ಹಂಚಿದರು. ಊರೂರ ಸಂಘಗಳು ಕರೆಯತೊಡಗಿದವು. ಕಡೆಗೆ ಬೆಂಗಳೂರಿನಿಂದ ಫೋನು.

"ಹೋಗಿ ಬಾರವಾ," ಅಂದಳು ಅವ್ವ. "ಆದ್ರ ನನ್ನ ಸುದ್ದಿ ಎತ್ತಬ್ಯಾಡ."

"ನಿಮ್ಮನ್ನ ಬಿಟ್ರ ನನ್ನ ಕಡೆ ನಗಸಾಕ ಮಾಲರ ಏನೈತ್ರಿ ಅತ್ತಿ?" ಅಂದರು ವೈನಿ.

ಅಣ್ಣ ಮಾತ್ರ ಏನೂ ಅನ್ನಲಿಲ್ಲ. ಅವನು ಮೊದಲಿನಿಂದಲೂ ಹಾಗೇ. ಸ್ಟೇಷನ್ನಿಗೆ ಚೀಲ ಹೊತ್ತುಕೊಂಡು ಹೋಗಿ, ಸಂಘದ ಇನ್ನೊಬ್ಬ ಹೆಣ್ಣುಮಗಳ ಜೊತೆ ಅವರನ್ನು ರೈಲು ಹತ್ತಿಸಿ ಬಂದ. ಶೂಟಿಂಗ್ ಮುಗಿಸಿ ಬಂದ ವೈನಿ ಅಲ್ಲಿ ಏನು ಹೇಳಿದರೆಂದು ನಮಗೆ ಯಾರಿಗೂ ಬಾಯಿ ಬಿಡಲಿಲ್ಲ. "ಎಲ್ಲಾರ ಕೂಡ ನೋಡ್ರಿ" ಎಂದುಬಿಟ್ಟರು.

ಪ್ರಸಾರದ ಸಂಜೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ವೈನಿ, ಅವ್ವ, ಓಣಿಯ ಹೆಂಗಸರು ಮನೆಯ ಟಿವಿ ಮುಂದೆ. ಅಣ್ಣ ಹೊಲದಿಂದ ನೇರವಾಗಿ ಬಂದು, ಹಿಂದೆ ಡಬ್ಬಿಗಳ ಹತ್ತಿರ ನಿಂತುಕೊಂಡ.

ಮೊದಲ ಸುತ್ತಿನಲ್ಲಿ ವೈನಿಯ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ನಾಲ್ವರೂ ಪಟಪಟನೆ ಒಬ್ಬರ ಮಾತನ್ನೊಬ್ಬರು ಕಸಿದುಕೊಳ್ಳುತ್ತಿದ್ದರು. ನಮ್ಮವರು ತಲೆ ತುಂಬ ಸೆರಗು ಹೊದ್ದು, ಯಾರದೋ ಮದುವೆಗೆ ಬಂದವರಂತೆ ನಗುತ್ತ ಕೂತಿದ್ದರು. "ಮಾತಾಡ್ ಬೇ ಯವ್ವಾ!" ಎಂದು ಕಾಕಾ ಟಿವಿಗೇ ಹೇಳಿದರು. ಐದನೇ ಕುರ್ಚಿಯಲ್ಲಿ ಕೂತವರಿಗೆ ಹೇಗಿರುತ್ತದೆ ಎಂದು ಅಂದೇ ನನಗೆ ಹೊಳೆದದ್ದು.

ಆಗ ನಿರೂಪಕ ಕೇಳಿದ: "ಅಕ್ಕಾ, ನಿಮ್ಮನೆಯಲ್ಲಿ ಗಂಡ ಹೆಂಡತಿ ಮಾತುಕತೆ ಹೇಗೆ?"

ವೈನಿ ಸೆರಗು ಸರಿಮಾಡಿಕೊಂಡರು. "ನಮ್ಮ ಮನಿಯವರು ಮಾತಾಡೂದು ಭಾಳ ಕಡಿಮಿರಿ. ಲಗ್ನ ಆದ ಹೊಸದಾಗಿ ಇವರಿಗೆ ಮಾತ ಬರಂಗಿಲ್ಲ ಅಂತ ತಿಳ್ಕೊಂಡಿದ್ನಿ. ಆಮ್ಯಾಲೆ ಒಂದಿನ ಎತ್ತಿನ ಕೂಡ ಮಾತಾಡೂದು ಕೇಳಿದ್ನಿ. ಅಗದಿ ಛಲೋ ಮಾತಾಡ್ತಾರ್ರಿ! ಅವತ್ತಿಂದ ನನಗೇನರ ಹೇಳೂದಿದ್ರ ಅವರು ಎತ್ತಿಗೆ ಹೇಳಾವ್ರು, ನಾ ಬಾಜೂಕ ನಿಂತು ಕೇಳಾಕಿ. ಸಂಸಾರ ಛಲೋ ನಡದಿತ್ತು. ಹ್ವಾದ ವರ್ಷ ಎತ್ತು ಮಾರಿ ಟ್ರ್ಯಾಕ್ಟರ್ ತಂದ್ರು ನೋಡ್ರಿ, ನಮ್ಮಿಬ್ಬರ ನಡುವ ಮಾತ ಬಂದ್ ಆತು."

ಟಿವಿಯಲ್ಲಿ ನಾಲ್ವರೂ ಮೇಜಿನ ಮೇಲೆ ಬಿದ್ದು ನಕ್ಕರು. ನಿರೂಪಕ ಕಣ್ಣೊರೆಸಿಕೊಂಡ. ಅಂಗಡಿಯಲ್ಲಂತೂ ಕಾಕಾನ ಟೋಪಿ ನೆಲಕ್ಕೆ ಬಿತ್ತು. ನಗು ಇನ್ನೂ ನಿಂತಿರಲಿಲ್ಲ, ಎಲ್ಲರ ಮುಖ ಹಿಂದಕ್ಕೆ ತಿರುಗಿತು. ಅಣ್ಣ ಒಂದು ಸ್ಟಾರ್ಟರಿನ ಡಬ್ಬಿಯ ಮೇಲಿನ ಬರಹ ಓದುತ್ತ ನಿಂತಿದ್ದ. ಕಿವಿ ಕೆಂಪಾಗಿದ್ದವು.

ಕಾರ್ಯಕ್ರಮ ಮುಗಿದ ಸ್ವಲ್ಪ ಹೊತ್ತಿಗೆ ತುಣುಕು ಫೋನಿಗೆ ಬಂತು. ರೂಢಿಯಂತೆ ನಾನು ಓದತೊಡಗಿದೆ. ಹೊಗಳಿಕೆಯೇ ಹೆಚ್ಚಿತ್ತು. "ಈ ಅಕ್ಕನ್ನ ಕಾಯಂ ಮಾಡಿ", "ನಮ್ಮ ಅಜ್ಜಿ ನೆನಪಾದಳು", "ಮತ್ತೆ ಕರೆಸಿ". ನಡುವೆ ಒಬ್ಬರು "ಈ ಭಾಷೆ ಅರ್ಥವೇ ಆಗಲಿಲ್ಲ, ಇಂಥವರನ್ನು ಯಾಕೆ ಕರೆಸ್ತೀರಿ?" ಎಂದು ಬರೆದಿದ್ದರು. ಇನ್ನೊಬ್ಬರು, "ಕಟ್ಟಿಕೊಂಡ ಗಂಡನನ್ನು ಟಿವಿಯಲ್ಲಿ ಅವಮಾನ ಮಾಡೋದು ಹಾಸ್ಯಾನಾ?" ಎಂದಿದ್ದರು. ಅಲ್ಲಿಗೆ ನಾನು ಓದುವುದನ್ನು ಬಿಟ್ಟು ಫೋನು ಕೆಳಗಿಳಿಸಿದೆ.

ಅಣ್ಣ ಜನರನ್ನು ಸರಿಸಿಕೊಂಡು ಮುಂದೆ ಬಂದ. "ಲೇ, ಅದಕ್ಕ ಉತ್ತರಾ ಬರಿಯಾಕ ಬರತೈತಿ?"

"ಬರತೈತಿ. ಏನ್ ಬರೀಲಿ?"

ಅವನು ನೆಲ ನೋಡುತ್ತ, ತಡೆತಡೆದು ಹೇಳಿದ. "ನಾ ಈಕಿ ಗಂಡ ಅದೇನಿ ಅಂತ ಬರಿ. ನನಗ ಅವಮಾನ ಏನೂ ಆಗಿಲ್ಲ. ಎತ್ತಿನ ಮಾತು ಖರೇನ ಐತಿ. ಈಕಿ ನಮ್ಮ ಮನಿಗೆ ಬಂದಾಗಿಂದ ನಾ ಒಳಗೊಳಗ ನಗಕೋಂತ ಬಂದೇನಿ. ಹೊರಗ ನಗಾಕ ನನಗ ಬರಂಗಿಲ್ಲ. ಅದಕ್ಕ ನನ್ನ ಪರವಾಗಿ ನೀವೆಲ್ಲಾ ನಗ್ರಿ."

ಇಷ್ಟು ಹೇಳಿ ಹೊರಗೆ ಹೋಗಿ ಗಾಡಿ ಚಾಲೂ ಮಾಡಿದ. ಅವನು ಒಮ್ಮೆಗೇ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ಕಾಕಾ ಟೋಪಿ ಕೈಯಲ್ಲೇ ಹಿಡಿದುಕೊಂಡು ನಿಂತಿದ್ದರು. ನಾನು ಒಂದಕ್ಷರ ತಿದ್ದದೆ ಹಾಕಿದೆ.

ಬೆಳಗಾಗುವುದರೊಳಗೆ ಆ ಮಾತು ಎಲ್ಲ ಕಾಮೆಂಟುಗಳಿಗಿಂತ ಮೇಲೆ ಏರಿ ಕೂತಿತ್ತು. ಅದರ ಕೆಳಗೆ ಬೀದರಿನವರು, ಮಂಗಳೂರಿನವರು, ದುಬೈಯಲ್ಲಿದ್ದವರು ಸಾಲುಗಟ್ಟಿ ಬರೆದಿದ್ದರು. ಭಾಷೆ ತಿಳಿಯಲಿಲ್ಲ ಎಂದಿದ್ದವರೂ ಬಂದು, "ಅಣ್ಣಾ, ಇದು ಮಾತ್ರ ಪೂರ್ತಿ ಅರ್ಥ ಆಯ್ತು" ಎಂದಿದ್ದರು.

ಷಟರ್ ಎತ್ತುವಾಗಲೇ ವೈನಿ ಅಂಗಡಿಗೆ ಬಂದರು, ಫೋನು ಕೈಯಲ್ಲಿ.

"ತಮ್ಮಾ, ಖರೆ ಹೇಳು. ಇದನ್ನ ನೀ ಕಟ್ಟಿ ಬರದಿಯೇನ?"

"ಇಲ್ರಿ ವೈನಿ. ಅಣ್ಣ ಹೇಳಿದ, ನಾ ಒತ್ತಿದೆ, ಅಷ್ಟರಿ."

ವೈನಿ ಸ್ಟೂಲಿನ ಮೇಲೆ ಕೂತು ಮತ್ತೊಮ್ಮೆ ಓದಿದರು. "ನನಗ ಒಂದ ಸಲಾನೂ ಹೇಳಿಲ್ಲಲ್ಲೋ," ಅಂದರು. ಸೆರಗಿನಿಂದ ಮುಖ ಒರೆಸಿಕೊಂಡು, ಅಣ್ಣನ ಬುತ್ತಿಗೆ ತಡವಾಯಿತೆಂದು ಎದ್ದು ನಡೆದರು.

ಆಮೇಲೆ ಅವರನ್ನು ಆ ಕಾರ್ಯಕ್ರಮಕ್ಕೆ ಮತ್ತೆ ಮತ್ತೆ ಕರೆದಿದ್ದಾರೆ. ಈಗ ಅಣ್ಣನೂ ಜೊತೆಗೆ ಹೋಗಿ ಪ್ರೇಕ್ಷಕರ ನಡುವೆ ಕೂತು ಬರುತ್ತಾನೆ. ಮೊನ್ನೆ ನವಲಗುಂದ ಕಡೆಯ ಗಂಡ ಹೆಂಡತಿ ಅಂಗಡಿಗೆ ಬಂದು, "ಆ ನಗಸೂ ಅಕ್ಕಾರ ಮನಿ ಎಲ್ಲಿ ಬರತೈತ್ರಿ?" ಎಂದು ಕೇಳಿದರು. ಕೈ ಮಾಡಿ ತೋರಿಸಿದ್ದರೆ ಸಾಕಿತ್ತು, ಮನೆ ಹಿಂದಿನ ಓಣಿಯಲ್ಲೇ ಇದೆ. ನಾನು ಷಟರ್ ಅರ್ಧ ಎಳೆದು, ಅವರ ಮುಂದೆ ಮುಂದೆ ನಡೆದೆ. ದಾರಿಯಲ್ಲಿ ಎದುರಾದವರಿಗೆಲ್ಲ, ಯಾರೂ ಕೇಳದಿದ್ದರೂ, "ನಮ್ಮ ವೈನೀನ ನೋಡಾಕ ಬಂದಾರ" ಎಂದು ಹೇಳುತ್ತ ಹೋದೆ.