ಮುನ್ನೂರು ಮಹಡಿಯ ಬೆಟ್ಟ

ಆ ಒಂಬತ್ತು ಮಹಡಿಯ ಕಟ್ಟಡದಲ್ಲಿ ಎಲ್ಲರೂ ಅವನನ್ನು ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷ ಒಂದೇ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತಿದವನಿಗೆ ಬೇರೆ ಯಾವ ಹೆಸರು ತಾನೇ ಅಂಟೀತು? ಅವನೂ ಅಷ್ಟೇ, ಯಾರ ಹೆಸರನ್ನೂ ತಲೆಗೆ ಹಚ್ಚಿಕೊಂಡವನಲ್ಲ. ಅವನ ಪಾಲಿಗೆ ಜನರೆಂದರೆ ನಾಲ್ಕನೇ ಮಹಡಿ ಕೆಮ್ಮು, ಆರನೇ ಮಹಡಿ ಸೆಂಟು, ಎಂಟನೇ ಮಹಡಿ ಸಿಡುಕು. ನೆಲಮಹಡಿಯಿಂದ ಒಂಬತ್ತಕ್ಕೆ ನಲವತ್ತು ಸೆಕೆಂಡು ಹಿಡಿಯುತ್ತಿತ್ತು. ಅಷ್ಟರಲ್ಲಿ ಒಬ್ಬರ ಮಗಳ ಪರೀಕ್ಷೆ, ಇನ್ನೊಬ್ಬರ ಬೆನ್ನುನೋವು, ಮತ್ತೊಬ್ಬರ ಸಾಹೇಬರ ಕಾಟ ಎಲ್ಲವನ್ನೂ ವಿಚಾರಿಸಿ, ತಲೆಗೊಂದು ಸಮಾಧಾನದ ಮಾತು ಹೇಳಿ ಬಾಗಿಲು ತೆರೆಯುತ್ತಿದ್ದ. ಬಾಗಿಲು ಮುಚ್ಚಿದೊಡನೆ ಎದೆ ಹೊಡೆದುಕೊಳ್ಳುವ ಏಳನೇ ಮಹಡಿಯ ಮೇಡಂ, ಅವನು ರಜೆ ಹಾಕಿದ ದಿನ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತುತ್ತಿದ್ದರು.

ಆಮೇಲೆ ಹೊಸ ಲಿಫ್ಟು ಬಂತು. ಅದು ತಾನೇ ಮಾತಾಡುತ್ತಿತ್ತು. ಯಾರದೋ ನಯವಾದ ಹೆಣ್ಣುದನಿ ‘ಮೂರನೇ ಮಹಡಿ’ ಅನ್ನುತ್ತಿತ್ತು, ಅಷ್ಟೇ. ಮಗಳ ಪರೀಕ್ಷೆ ಏನಾಯಿತು ಎಂದು ಕೇಳುವ ಗೋಜಿಗೆ ಹೋಗುತ್ತಿರಲಿಲ್ಲ. ಲಿಫ್ಟಣ್ಣನ ಕೈಗೆ ಒಂದು ಗೋಡೆ ಗಡಿಯಾರ ಕೊಟ್ಟು, ನಾಲ್ಕು ಒಳ್ಳೆಯ ಮಾತಾಡಿ, ಕಳಿಸಿಬಿಟ್ಟರು. ಅವನು ಗಡಿಯಾರವನ್ನು ಮನೆಯ ಬಾಗಿಲ ಪಕ್ಕ ನೇತುಹಾಕಿ, ಅದರ ಕೆಳಗೆ ಕುರ್ಚಿ ಎಳೆದುಕೊಂಡು ಕೂತ. ನಲವತ್ತು ಸೆಕೆಂಡಿಗೊಮ್ಮೆ ಬಾಗಿಲು ತೆರೆಯುವುದು, ಹೊರಗೆ ಇಣುಕುವುದು, ಮತ್ತೆ ಮುಚ್ಚುವುದು. ಮೂರನೇ ದಿನಕ್ಕೆ ಹೆಂಡತಿಗೆ ತಲೆ ಕೆಟ್ಟುಹೋಯಿತು.

ಪತ್ರಿಕೆ ಜಾಲಾಡಿ ಆ ಜಾಹೀರಾತು ಹುಡುಕಿದವಳು ಅವಳೇ. ಊರಾಚೆಯ ಬೆಟ್ಟದ ತುದಿಗೆ ರೋಪ್‌ವೇ ಹಾಕಿದ್ದಾರೆ, ಅದನ್ನು ನಡೆಸಲು ಅನುಭವಸ್ಥರು ಬೇಕು. ಸಂದರ್ಶನ ಬೆಟ್ಟದ ತುದಿಯ ನಿಲ್ದಾಣದಲ್ಲಿ, ಮಧ್ಯಾಹ್ನ ಎರಡು ಗಂಟೆಗೆ. ತಪಾಸಣೆ ಮುಗಿಯುವ ತನಕ ಹಗ್ಗಕ್ಕೆ ತೂಗುವ ತೊಟ್ಟಿಲಿಗೆ ಜನ ಹತ್ತುವಂತಿಲ್ಲವಾದ್ದರಿಂದ ಅಭ್ಯರ್ಥಿಗಳು ನಡೆದೇ ಬರತಕ್ಕದ್ದು.

‘ನಡ್ಕೊಂಡಾ?’ ಅಂದ ಲಿಫ್ಟಣ್ಣ.

‘ಇಲ್ಲ, ತೆವಳ್ಕೊಂಡು. ನಾನೂ ಬರ್ತೀನಿ, ಇಲ್ಲಾಂದ್ರೆ ನೀವು ಬಸ್‌ಸ್ಟಾಂಡಿಂದಾನೇ ವಾಪಸ್ ಬರ್ತೀರಿ.’

ಐವತ್ನಾಲ್ಕು ವರ್ಷದ, ಗುಂಡಿ ಒತ್ತುವುದೊಂದನ್ನೇ ಬಲ್ಲ ಗಂಡಸಿಗೆ ಊರಿನಲ್ಲಿ ಇನ್ನೆಲ್ಲೂ ಕೆಲಸ ಕಾದಿರಲಿಲ್ಲ. ಇದು ತಪ್ಪಿದರೆ ಉಳಿದ ಆಯುಷ್ಯವೆಲ್ಲ ಮನೆಬಾಗಿಲಿಗೇ ಮೀಸಲು ಎಂಬುದು ಅವನಿಗೂ ಗೊತ್ತಿತ್ತು, ಅವಳಿಗಂತೂ ಚೆನ್ನಾಗಿಯೇ ಗೊತ್ತಿತ್ತು. ಇನ್ನೊಂದು ಗುಟ್ಟನ್ನೂ ಹೇಳಿಬಿಡಬೇಕು. ಊರಿನಲ್ಲಿ ಇವನಷ್ಟು ಸಲ ಮೇಲೆ ಹೋದವರು ಯಾರೂ ಇಲ್ಲ, ಇವನಷ್ಟು ಹತ್ತಲಾರದವರೂ ಯಾರೂ ಇಲ್ಲ. ಮನೆ ನಾಲ್ಕನೇ ಮಹಡಿಯಲ್ಲಿ, ಆ ಕಟ್ಟಡಕ್ಕೆ ಲಿಫ್ಟಿಲ್ಲ. ನೀರಿನ ಕ್ಯಾನು, ಅಕ್ಕಿಮೂಟೆ, ಒಂದು ಸಲ ಹೊಲಿಗೆಯಂತ್ರ, ಎಲ್ಲ ಹೊತ್ತವಳು ಹೆಂಡತಿ. ಅವನು ಬರಿಗೈಯಲ್ಲಿ ಹಿಂದೆ ಬರುತ್ತಾ ಮಹಡಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದ.

ಬೆಳಗ್ಗೆ ಎಂಟಕ್ಕೆ ಬೆಟ್ಟದ ಬುಡ ತಲುಪಿದರು. ಅಲ್ಲಿನ ಫಲಕದಲ್ಲಿ ಎತ್ತರ ಮೂರು ಸಾವಿರದ ಮುನ್ನೂರು ಅಡಿ ಎಂದು ಬರೆದಿತ್ತು. ಲಿಫ್ಟಣ್ಣ ಬೆರಳು ಮಡಚಿ ಲೆಕ್ಕ ಹಾಕಿದ.

‘ಮಹಡಿಗೆ ಹನ್ನೊಂದು ಅಡಿ ಅಂದ್ರೆ ಮುನ್ನೂರು ಮಹಡಿ ಆಯ್ತು. ಇಷ್ಟೇನಾ? ನಾನು ಊಟದ ಹೊತ್ತಿಗೆ ಮುಂಚೆ ಇದರ ಎರಡರಷ್ಟು ಹತ್ತಿದೀನಿ.’

‘ಹತ್ತಿದ್ದು ಲಿಫ್ಟು. ನೀವು ಕೂತಿದ್ರಿ’ ಅಂದಳು ಹೆಂಡತಿ.

ಅದೇ ಕೆಲಸಕ್ಕೆ ಬಂದ ಇನ್ನಿಬ್ಬರು ಅಲ್ಲೇ ಸಿಕ್ಕರು. ಒಬ್ಬ ನಿವೃತ್ತ ಬಸ್ ಕಂಡಕ್ಟರ್. ಕೊರಳಲ್ಲಿ ಇನ್ನೂ ಸೀಟಿ ನೇತಾಡುತ್ತಿತ್ತು. ಇನ್ನೊಬ್ಬ ಕ್ರೇನ್ ಡ್ರೈವರ್, ದೊಡ್ಡ ಹೊಟ್ಟೆಯವನು, ಮಿತಭಾಷಿ. ಪ್ರತಿಸ್ಪರ್ಧಿಗಳೆಂದರೆ ಮುಖ ತಿರುಗಿಸುವುದು ಲೋಕದ ರೂಢಿ. ಲಿಫ್ಟಣ್ಣನಿಗೆ ಆ ರೂಢಿ ಗೊತ್ತಿರಲಿಲ್ಲ. ಹತ್ತು ಹೆಜ್ಜೆಯೊಳಗೆ ಕಂಡಕ್ಟರನ ಅಳಿಯನ ಕುಡಿತ, ಇಪ್ಪತ್ತು ಹೆಜ್ಜೆಯೊಳಗೆ ಕ್ರೇನ್ ಡ್ರೈವರನ ಹೊಟ್ಟೆಯುಬ್ಬರ ಹೊರಬಿದ್ದವು. ಹೆಂಡತಿ ಚೀಲ ಹೊತ್ತು, ಊರುಗೋಲು ಹಿಡಿದು ಹಿಂದೆ ಬರುತ್ತಿದ್ದಳು. ಈ ಮನುಷ್ಯನ ಬಾಯಲ್ಲಿ ಇಷ್ಟು ಮಾತಿದೆಯೆಂಬುದೇ ಅವಳಿಗೆ ಸೋಜಿಗ. ಮೂವತ್ತು ವರ್ಷ ಅವನು ದಿನದ ಮಾತನ್ನೆಲ್ಲ ಲಿಫ್ಟಿನಲ್ಲಿ ಖಾಲಿ ಮಾಡಿ, ಮನೆಗೆ ಬಂದು ತುಟಿ ಪಿಟಕ್ಕೆನ್ನದೆ ಉಂಡು ಮಲಗಿದ್ದ.

ಹದಿನೆಂಟನೇ ಮಹಡಿಯ ಹೊತ್ತಿಗೆ ಲಿಫ್ಟಣ್ಣನ ಮಾತು ನಿಂತಿತು, ಇಪ್ಪತ್ತೈದಕ್ಕೆ ಕಾಲು ನಿಂತಿತು. ದಾರಿ ಬಲು ಕಡಿದು. ಮಳೆನೀರು ಕೊರೆದ ಇಕ್ಕಟ್ಟು ಕೊರಕಲು, ಮಂಡಿಯೆತ್ತರದ ಬಂಡೆಗಳು, ಕಾಲಿಟ್ಟರೆ ಜಾರುವ ಗರಸು. ಯಾರಾದರೂ ಹಿಂದಿನಿಂದ ಬಂದರೆ ಅವನು ತಕ್ಷಣ ಬದಿಗೆ ಸರಿದು, ಕೈ ಚಾಚಿ, ಅವರನ್ನು ಮುಂದೆ ಬಿಡುತ್ತಿದ್ದ. ಕಸುಬಿನ ಚಾಳಿ, ಬಿಡೆಂದರೆ ಬಿಡುತ್ತದೆಯೇ? ಹೀಗೆ ಕಂಡಕ್ಟರನನ್ನು ಬಿಟ್ಟ, ಕ್ರೇನ್ ಡ್ರೈವರನನ್ನು ಬಿಟ್ಟ, ಒಂದು ಪಿಕ್‌ನಿಕ್ ಗುಂಪನ್ನು ಬಿಟ್ಟ, ಕೊನೆಗೆ ಒಂದು ಬೀದಿನಾಯಿಯನ್ನೂ ಮರ್ಯಾದೆಯಿಂದ ಮುಂದೆ ಕಳಿಸಿದ.

‘ಅದಕ್ಕೆ ಎಷ್ಟನೇ ಮಹಡಿ ಅಂತ ಕೇಳಲಿಲ್ವಾ?’ ಅಂದಳು ಹೆಂಡತಿ.

ನೂರೈವತ್ತರ ಹತ್ತಿರ ಮಂಜು ಸರಿದು ಕಣಿವೆ ತೆರೆದುಕೊಂಡಿತು. ಕೆಳಗೆ ಹಸಿರು ಕೆರೆ, ಅದರಾಚೆ ಬೆಟ್ಟದ ಹಿಂದೆ ಬೆಟ್ಟ, ನೀಲಿಯ ಹಿಂದೆ ಇನ್ನಷ್ಟು ತಿಳಿನೀಲಿ. ಹೆಂಡತಿ ಬಾಯ್ಬಿಟ್ಟುಕೊಂಡು ನಿಂತಳು. ಲಿಫ್ಟಣ್ಣ ಮಾತ್ರ ಮುಂದಿನ ಬಂಡೆಯನ್ನೇ ನೋಡುತ್ತಾ ನಡೆದ. ಲಿಫ್ಟಿನಲ್ಲಿ ನೋಡುವಂಥದ್ದೇನೂ ಇರುವುದಿಲ್ಲವಲ್ಲ, ಅವನ ಕಣ್ಣಿಗೆ ಆ ಅಭ್ಯಾಸವೇ ಇರಲಿಲ್ಲ.

ಇನ್ನೂರನೇ ಮಹಡಿಯಲ್ಲಿ ದಾರಿ ಕವಲೊಡೆಯಿತು. ಬಾಣದ ಗುರುತು ಬಲಕ್ಕೆ ತೋರಿಸುತ್ತಿತ್ತು, ಬಲದ ದಾರಿಯೋ ಕೆಳಕ್ಕೆ ಇಳಿಯುತ್ತಿತ್ತು. ಎಡದ ದಾರಿ ನೆಟ್ಟಗೆ ಮೇಲಕ್ಕೆ.

‘ಬಲಕ್ಕೆ ರೀ. ಸ್ವಲ್ಪ ಇಳಿದು ಆಮೇಲೆ ಹತ್ತಬೇಕು ಅನ್ಸುತ್ತೆ.’

ಲಿಫ್ಟಣ್ಣ ಇಡೀ ದಿನದಲ್ಲಿ ಮೊದಲ ಬಾರಿಗೆ ಅಧಿಕಾರವಾಣಿಯಿಂದ ಮಾತಾಡಿದ. ‘ಮೇಲೆ ಹೋಗೋ ಲಿಫ್ಟು ನಡುವೆ ಕೆಳಗಿಳಿಯಲ್ಲ. ಕೆಳಗಿನವರು ಎಷ್ಟೇ ಗುಂಡಿ ಒತ್ತಲಿ, ತುದಿ ಮುಟ್ಟಿದ ಮೇಲೇನೇ ಇಳಿಯೋದು. ಮೂವತ್ತು ವರ್ಷದ ಅನುಭವ ಕಣೇ ಇದು.’

ಅನುಭವದ ಎದುರು ಅವಳು ಏನು ಹೇಳಿಯಾಳು? ಎಡಕ್ಕೇ ಹತ್ತಿದರು. ಮುಕ್ಕಾಲು ಗಂಟೆ ಕೈಕಾಲು ನಾಲ್ಕನ್ನೂ ಊರಿ ತುದಿ ಮುಟ್ಟಿದರು. ತುದಿಯಲ್ಲಿ ಒಂದು ಮೇಕೆ ನಿಂತಿತ್ತು. ನಿಲ್ದಾಣವಿರಲಿಲ್ಲ. ನಿಲ್ದಾಣ ಕಣಿವೆಯ ಆಚೆ, ಇದಕ್ಕಿಂತ ಎಂಬತ್ತು ಮಹಡಿ ಎತ್ತರದ ಇನ್ನೊಂದು ಶಿಖರದ ಮೇಲೆ, ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

ಹೆಂಡತಿ ಬಂಡೆಯ ಮೇಲೆ ಕೂತು, ಚೀಲದಿಂದ ಬೇಯಿಸಿದ ಮೊಟ್ಟೆ ತೆಗೆದು, ಸಾವಕಾಶ ಸಿಪ್ಪೆ ಸುಲಿದಳು.

‘ಇದು ಎಷ್ಟನೇ ಮಹಡಿ?’

‘ಇನ್ನೂರ ಇಪ್ಪತ್ತು’ ಅಂದ ಅವನು ಸಣ್ಣ ದನಿಯಲ್ಲಿ.

‘ಇಲ್ಲಿ ಯಾರು ಇಳೀಬೇಕಿತ್ತು? ಮೇಕೆನಾ?’

ಲಿಫ್ಟಣ್ಣ ನೆಲಕ್ಕೆ ಕುಸಿದ. ಗಂಟೆ ಹನ್ನೆರಡೂವರೆ. ಕಣಿವೆಯಾಚೆ ಕಂಡಕ್ಟರನ ಸೀಟಿ ಕೇಳಿಸುತ್ತಿತ್ತು. ‘ಕೆಲಸ ಹೋಯ್ತು. ನನ್ನ ತಲೆಗಿಷ್ಟು ಬೆಂಕಿ ಹಾಕ. ನಂಗೆ ಮನೇಲಿ ಕೂರೋಕೆ ಆಗಲ್ಲ ಕಣೇ, ಸತ್ತೇ ಹೋಗ್ತೀನಿ’ ಅಂದವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಅವಳಿಗೆ ಸಿಟ್ಟು ಬಂದಿತ್ತು, ಆದರೆ ಕರುಳು ಚುರುಕ್ಕೆಂದಿತು. ಉಳಿದರ್ಧ ಮೊಟ್ಟೆಯನ್ನು ಅವನ ಬಾಯಿಗೆ ತುರುಕಿ, ಊರುಗೋಲಿನ ಒಂದು ತುದಿ ಅವನ ಕೈಗೆ ಕೊಟ್ಟು, ಇನ್ನೊಂದು ತುದಿ ತಾನು ಹಿಡಿದಳು. ಹೊಲಿಗೆಯಂತ್ರ ಹೊತ್ತವಳಿಗೆ ಗಂಡ ಯಾವ ಲೆಕ್ಕ? ಇಳಿಸಿದಳು, ದಾಟಿಸಿದಳು, ಹತ್ತಿಸಿದಳು. ಮಹಡಿ ಎಣಿಸಿದರೆ ಕೋಲು ಬಿಟ್ಟುಬಿಡುತ್ತೇನೆಂದು ಹೆದರಿಸಿದಳು.

ತುದಿ ತಲುಪಿದಾಗ ಮೂರು ಇಪ್ಪತ್ತು. ನಿಲ್ದಾಣದ ಗಾಜಿನ ಕೋಣೆಯಲ್ಲಿ ಒಬ್ಬ ತೆಳ್ಳಗಿನ ಇಂಜಿನಿಯರ್, ಕಣಿವೆಗೆ ಬೆನ್ನು ತಿರುಗಿಸಿಕೊಂಡು, ಮೇಜಿಗೆ ಅಂಟಿಕೊಂಡಂತೆ ಕೂತಿದ್ದ. ಇದ್ದದ್ದು ಎರಡೇ ಜಾಗ, ತುದಿಯಲ್ಲಿ ಒಬ್ಬ, ಬುಡದಲ್ಲಿ ಒಬ್ಬ. ತುದಿ ಕಂಡಕ್ಟರನ ಪಾಲಾಗಿತ್ತು. ಬುಡ ಕ್ರೇನ್ ಡ್ರೈವರನಿಗೆ ಸಿಕ್ಕಿ, ಅವನು ಆಗಲೇ ಇಳಿಯತೊಡಗಿದ್ದ.

‘ನೀವು ಲೇಟು’ ಅಂದ ಇಂಜಿನಿಯರ್.

‘ಹೌದು ಸಾರ್, ತಪ್ಪು ನಂದೇ.’ ಲಿಫ್ಟಣ್ಣ ತಲೆ ತಗ್ಗಿಸಿ ತಿರುಗಿದವನು ಬಾಗಿಲಲ್ಲಿ ನಿಂತ. ‘ಒಂದು ಮಾತು ಸಾರ್. ತುದಿಗೊಬ್ರು, ಬುಡಕ್ಕೊಬ್ರು ಸರಿ. ತೊಟ್ಟಿಲ ಒಳಗೆ ಯಾರಿರ್ತಾರೆ?’

‘ಯಾರೂ ಇರಲ್ಲ. ಹನ್ನೆರಡು ನಿಮಿಷದ ದಾರಿ. ತಾನೇ ಹೋಗುತ್ತೆ.’

‘ಮಧ್ಯದಲ್ಲಿ ಯಾರಿಗಾದ್ರೂ ಭಯ ಆದ್ರೆ?’

ಇಂಜಿನಿಯರನ ಕೈಯಲ್ಲಿದ್ದ ಪೆನ್ನು ನಿಂತಿತು. ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಒಂದು ತಿಂಗಳಿಂದ ತೊಟ್ಟಿಲಿನಲ್ಲಿ ಮರಳಿನ ಮೂಟೆಗಳು ಓಡಾಡುತ್ತಿದ್ದವು, ಒಂದೂ ದೂರು ಕೊಟ್ಟಿರಲಿಲ್ಲ. ಇವತ್ತು ನಾಲ್ಕು ಗಂಟೆಗೆ ಮನುಷ್ಯರು ಹೋಗುವ ಮೊದಲ ಪರೀಕ್ಷೆ, ಕಟ್ಟಿದವನೇ ಮೊದಲು ಕೂರಬೇಕೆಂದು ನಿಯಮ, ಇಷ್ಟನ್ನು ಅವನೇ ಹೇಳಿದ. ಕೆಲಸದವರೆಲ್ಲ ಸಾಮಾನು ಏರಿಸುವ ಹಗ್ಗದ ಬುಟ್ಟಿಯಲ್ಲಿ ಹೋಗಿಬಂದರೂ ಕಟ್ಟಿದವನು ಹನ್ನೊಂದು ತಿಂಗಳು ದಿನಾ ನಡೆದೇ ಬೆಟ್ಟ ಹತ್ತಿಳಿದದ್ದು ವ್ಯಾಯಾಮಕ್ಕೆಂದು ಎಲ್ಲರೂ ನಂಬಿದ್ದರು. ಲಿಫ್ಟಣ್ಣ ಆ ಮುಖವನ್ನು ನೋಡಿದೊಡನೆ ಗುರುತು ಹಿಡಿದ. ಥೇಟು ಏಳನೇ ಮಹಡಿ ಮೇಡಂ.

‘ಸಾರ್, ನಾನೂ ಜೊತೆಗೆ ಬರ್ಲಾ?’ ಅಂದ ಮೆಲ್ಲಗೆ.

ಇಂಜಿನಿಯರ್ ಬೇಡವೆನ್ನಲಿಲ್ಲ. ಇಬ್ಬರಿಗಿಂತ ಹೆಚ್ಚು ಹತ್ತುವಂತಿರಲಿಲ್ಲವಾದ್ದರಿಂದ ಹೆಂಡತಿ ನಡೆದೇ ಇಳಿಯಲು ಹೊರಟಳು. ‘ಮರಳಿನ ಮೂಟೆ ಸರದಿ ಮುಗೀತು, ಈಗ ನಿಮ್ಮದು. ಹುಷಾರು’ ಅಂದಳು.

ಲಿಫ್ಟಣ್ಣ ಒಳಗೆ ಹೋಗಿ ತನ್ನ ಜಾಗದಲ್ಲಿ, ಅಂದರೆ ಬಾಗಿಲ ಪಕ್ಕ, ಗೋಡೆಗೊರಗಿ ನಿಂತ. ಗೋಡೆ ಗಾಜಿನದು. ಕಂಡಕ್ಟರ್ ಅಭ್ಯಾಸಬಲದಿಂದ ಸೀಟಿ ಊದಿ ‘ರೈಟ್’ ಅಂದ. ತೊಟ್ಟಿಲು ಅಂಚು ಬಿಟ್ಟು ಜಾರಿತು, ಕಾಲ ಕೆಳಗಿನ ಬೆಟ್ಟ ಇಲ್ಲವಾಯಿತು. ಕೆರೆ ಅಂಗೈಯಗಲ ಕಂಡಿತು, ಮರಗಳು ಸಾಸಿವೆಯಷ್ಟು. ಲಿಫ್ಟಣ್ಣ ಕೂಗೋಣವೆಂದು ಬಾಯಿ ತೆರೆದ. ಅಷ್ಟರಲ್ಲಿ ಎದುರಿಗೆ ಇಂಜಿನಿಯರ್ ಕಣ್ಣು ಮುಚ್ಚಿ ಕಂಬಿಯನ್ನು ತಬ್ಬಿಕೊಂಡದ್ದು ಕಂಡಿತು.

‘ಸಾರ್, ಮಧ್ಯಾಹ್ನ ಊಟ ಆಯ್ತಾ?’

‘ಇಲ್ಲ.’

‘ಅದು ತಪ್ಪು. ಮನೇಲಿ ಯಾರ್ಯಾರಿದೀರಿ?’

ಅಮ್ಮ ಇದ್ದರು, ಕಿವಿ ಮಂದ. ಮಗಳಿದ್ದಳು, ಈಜು ಕಲಿಯಲು ನೀರಿಗಿಳಿಯೆನೆಂದು ಹಟ. ತೊಟ್ಟಿಲು ನಟ್ಟನಡುವೆ ಗಕ್ಕನೆ ನಿಂತು ತೂಗಾಡಿತು, ಬ್ರೇಕಿನ ಪರೀಕ್ಷೆಯಂತೆ. ಇಂಜಿನಿಯರನ ಮುಖ ಸುಣ್ಣ ಬಳಿದಂತಾಯಿತು. ಲಿಫ್ಟಣ್ಣ ಬಿಡಲಿಲ್ಲ. ಮಗಳಿಗೆ ಎಷ್ಟು ವಯಸ್ಸು, ಯಾವ ಬಣ್ಣ ಇಷ್ಟ, ಮೊದಲ ದಿನ ಬರೀ ಕಾಲು ಮುಳುಗಿಸಿದರೆ ಸಾಲದೇ, ಅಪ್ಪನೂ ಜೊತೆಗೆ ಇಳಿದರೆ ಹೇಗೆ? ಕೇಳುತ್ತಲೇ ಹೋದ. ಯಾವಾಗಲೋ ತೊಟ್ಟಿಲು ಮತ್ತೆ ಹೊರಟಿತ್ತು. ಇಂಜಿನಿಯರ್ ಒಂದು ಕಣ್ಣು ತೆರೆದ.

‘ನಿಮಗೆ ಭಯ ಆಗ್ತಿಲ್ವಾ?’

‘ಆಗ್ತಿದೆ ಸಾರ್. ನನ್ನ ಲಿಫ್ಟಿಗೆ ಕಿಟಕಿ ಇರಲಿಲ್ಲ.’

‘ಮತ್ತೆ ಹೇಗೆ ಮಾತಾಡ್ತಿದೀರಿ?’

‘ನೀವಿದೀರಲ್ಲ ಸಾರ್. ಎದುರಿಗಿರೋರು ಹೆದರಿದ್ರೆ ನಂಗೆ ಹೆದರೋಕೆ ಪುರುಸೊತ್ತು ಸಿಗಲ್ಲ.’

ಇಂಜಿನಿಯರ್ ಎರಡನೆಯ ಕಣ್ಣನ್ನೂ ತೆರೆದ. ತಾನು ಕಟ್ಟಿದ ದಾರಿಯಿಂದ ಕಣಿವೆ ಹೇಗೆ ಕಾಣುತ್ತದೆಂದು ಅವನು ನೋಡಿದ್ದು ಅದೇ ಮೊದಲು. ಕೆಳಗಿಳಿದೊಡನೆ ಮಂಡಿಯ ಮೇಲೆ ಕಾಗದ ಇಟ್ಟುಕೊಂಡು, ತೊಟ್ಟಿಲ ಒಳಗೂ ಒಬ್ಬರು ಇರತಕ್ಕದ್ದು ಎಂದು ಬರೆದು, ಆ ಒಬ್ಬರು ಯಾರೆಂದೂ ಬರೆದು ಸಹಿ ಹಾಕಿದ.

ಹೆಂಡತಿ ಇಳಿದು ಬರುವಾಗ ಸಂಜೆ ಆರೂವರೆ. ಲಿಫ್ಟಣ್ಣ ಬಸ್‌ಸ್ಟಾಪಿನ ಬೆಂಚಿನ ಮೇಲೆ ಕಾಗದ ಹಿಡಿದು ಕೂತಿದ್ದ. ಅವಳು ಪಕ್ಕದಲ್ಲಿ ಧೊಪ್ಪನೆ ಕೂತು ಅದನ್ನು ಎರಡು ಸಲ ಓದಿದಳು.

‘ಕೆಲಸ ಏನಂತೆ?’

‘ಒಳಗೆ ನಿಂತು ಮಾತಾಡೋದು.’

‘ಅಷ್ಟೇನಾ?’

‘ಅಷ್ಟೇ.’

ಅವಳು ಕಾಗದ ಮಡಚಿ ಅವನ ಜೇಬಿಗೆ ತುರುಕಿದಳು. ‘ಹಂಗಾದ್ರೆ ಶುರುವಾದ ದಿನ ನಾನು ಟಿಕೆಟ್ ತಗೊಂಡು ಬರ್ತೀನಿ. ಹನ್ನೆರಡು ನಿಮಿಷ ನನ್ನ ಜೊತೇನೂ ಮಾತಾಡಿ.’

ಅವಳು ತಮಾಷೆಗೆ ಹೇಳಿದಳೋ ಇಲ್ಲವೋ, ಅವನಿಗೆ ತಿಳಿಯಲಿಲ್ಲ. ಮುಖಕ್ಕೆ ಹೊಡೆದಂತಾಯಿತು. ಏನಾದರೂ ಹೇಳಬೇಕೆಂದು ತಡಕಾಡಿದ. ಊರಿನವರನ್ನೆಲ್ಲ ದಿನಕ್ಕೆ ನೂರು ಸಲ ಕೇಳುತ್ತಿದ್ದ ಮಾತು ಬಿಟ್ಟರೆ ಬೇರೇನೂ ಸಿಗಲಿಲ್ಲ. ಅದನ್ನೇ ಕೇಳಿದ.

‘ಕಾಲು ನೋವಾ?’

ಅವಳು ತಿರುಗಿ ಅವನ ಮುಖ ನೋಡಿದಳು. ಆಮೇಲೆ ಎಡಮಂಡಿಯನ್ನು ತೋರಿಸಿ ಹೇಳಲು ಶುರುಮಾಡಿದಳು. ಎಡಮಂಡಿಯ ನೋವು ಹೊಲಿಗೆಯಂತ್ರ ಹೊತ್ತ ವರ್ಷದ್ದಂತೆ. ಬಲಮಂಡಿಯದು ಬೇರೆಯೇ ಕಥೆಯಂತೆ. ಬಸ್ಸು ಬಂದಾಗ ಅವಳಿನ್ನೂ ಬಲಮಂಡಿಗೆ ಬಂದಿರಲಿಲ್ಲ, ಮುಂದಿನ ಬಸ್ಸಿಗೆ ಹೋದರಾಯಿತೆಂದು ಅವನು ಎದ್ದೇಳಲಿಲ್ಲ.