ಹತ್ತಿ ಬಿಸಾಡಿ ಹೋಗು

ಊಟಿ ಕಡೆಯ ನಮ್ಮೂರು ಹುಬ್ಬತಲೈಯಲ್ಲಿ ಈಶ್ವರಿಯಷ್ಟು ಚುರುಕಾಗಿ ಚಹಾ ಎಲೆ ಕೀಳುವವಳು ಇನ್ನೊಬ್ಬಳಿರಲಿಲ್ಲ. ಇದನ್ನು ಅವಳೇ ಹೇಳಿಕೊಳ್ಳುತ್ತಿದ್ದಳು, ಅದೂ ದಿನಕ್ಕೆ ಹತ್ತು ಸಲ. ಎರಡೆಲೆ, ಒಂದು ಮೊಗ್ಗು. ಹೆಬ್ಬೆರಳು ತೋರುಬೆರಳು ಸೇರಿದರೆ ಚಟಕ್. "ಕಣ್ಣು ಯಾಕೆ ಬೇಕು? ಎಳೆಯದು ಯಾವುದು, ಬಲಿತದ್ದು ಯಾವುದು ಅಂತ ಬೆರಳೇ ಹೇಳ್ತದೆ" ಅನ್ನುವಳು. ಗಂಡ ತೀರಿಕೊಂಡ ಮೇಲೆ ಅರ್ಧ ಎಕರೆ ತೋಟವನ್ನು ಆ ಎರಡು ಬೆರಳಲ್ಲೇ ನಡೆಸಿ, ಮಗಳು ಜೀವಿತಾಳನ್ನು ಕೂನೂರಿನ ಕಾಲೇಜಿಗೆ ಕಳಿಸಿದಳು.

ನಾನು ನಮ್ಮೂರ ಕ್ಲಿನಿಕ್ಕಿನಲ್ಲಿ ಇಪ್ಪತ್ತಾರು ವರ್ಷ ನರ್ಸ್ ಆಗಿದ್ದೆ. ನನ್ನದೊಂದು ನಿಯಮವಿತ್ತು, ಅದರ ಬಗ್ಗೆ ಜಂಬವೂ ಇತ್ತು. ಹಿಂದೊಮ್ಮೆ ಯಾರದೋ ತೋಳಿನ ಹತ್ತಿ ಎಲೆಚೀಲಕ್ಕೆ ಬಿದ್ದು, ಫ್ಯಾಕ್ಟರಿಯವರು ಚೀಲವನ್ನೇ ವಾಪಸ್ ಕಳಿಸಿದ್ದರು. ಅಂದಿನಿಂದ ಸೂಜಿ ಚುಚ್ಚಿಸಿಕೊಂಡವರಿಗೆಲ್ಲ ನನ್ನದು ಒಂದೇ ಮಾತು: "ಮೊಣಕೈ ಮಡಚು, ನೂರು ಎಣಿಸು, ಹತ್ತಿ ಬಿಸಾಡಿ ಹೋಗು." ಅಂಟುಪಟ್ಟಿಯನ್ನಂತೂ ಹಾಕುತ್ತಲೇ ಇರಲಿಲ್ಲ. ಹೊರಗಿನ ನರ್ಸಿಗೆ ಇದು ತೋಚುತ್ತಿತ್ತೇ? ಎಲೆಯ ಕಷ್ಟ ಬಲ್ಲವಳು ನಾನು!

ಎರಡು ವರ್ಷದ ಹಿಂದೆ ಕೊಯಮತ್ತೂರಿನಲ್ಲಿ ಈಶ್ವರಿಯ ಹೃದಯದ ಕವಾಟ ಬದಲಿಸಿದರು. ರಕ್ತ ಹೆಪ್ಪುಗಟ್ಟದಂತೆ ದಿನಾ ಮಾತ್ರೆ. ಅಂಥವರಿಗೆ ಸೂಜಿ ಚುಚ್ಚಿದರೆ ಗಾಜ್ ಬಟ್ಟೆ ಇಟ್ಟು ಹತ್ತು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ರಕ್ತ ಬೇಗ ನಿಲ್ಲಿಸುವ ಮದ್ದು ಸೇರಿಸಿದ ಗಾಜ್ ಕೂಡ ನಮ್ಮ ಕಪಾಟಿನಲ್ಲಿತ್ತು, ಇನ್ನೂ ತೆರೆಯದ ಡಬ್ಬಿಯಲ್ಲಿ. ದೊಡ್ಡ ಗಾಯಕ್ಕೆ ಬೇಕಾದೀತೆಂದು ನಾನೇ ಎತ್ತಿಟ್ಟಿದ್ದೆ.

ಕಳೆದ ಮೇ ತಿಂಗಳು, ಎಲೆ ಜೋರಾಗಿ ಬರುವ ಕಾಲ. ಈಶ್ವರಿ ಮೈತುಂಬ ದದ್ದು ಎದ್ದು ಓಡಿ ಬಂದಳು. ಡಾಕ್ಟರು ಬರೆದ ಇಂಜೆಕ್ಷನ್ನನ್ನು ಬಲ ಮೊಣಕೈ ಸಂದಿಯ ರಕ್ತನಾಳಕ್ಕೆ ಕೊಟ್ಟೆ. ಮಾತ್ರೆಯ ವಿಷಯ ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಹಾಳು ನಾಲಿಗೆ ಹಳೇ ಪಾಠ ಒಪ್ಪಿಸಿತು: ಮಡಚು, ಎಣಿಸು, ಬಿಸಾಡಿ ಹೋಗು. ಎಲೆಯನ್ನು ಫ್ಯಾಕ್ಟರಿಗೆ ಒಯ್ಯುವ ಲೀಫ್ ಗಾಡಿ ಬರುವ ಹೊತ್ತಾಗಿತ್ತು. ಅವಳು ಅರವತ್ತಕ್ಕೇ ಎದ್ದಳು, ನಾನು ನಕ್ಕೆ. ನೆಟ್ಟಗೆ ತೋಟಕ್ಕೆ ಹೋಗಿ ಚೀಲ ಹೊತ್ತಳು.

ಹೊರಗೆ ಒಂದು ಹನಿಯೂ ಕಾಣಲಿಲ್ಲ. ರಕ್ತವೆಲ್ಲ ಒಳಗೇ ಸೋರಿತು. ಸಂಜೆಗೆ ಮುಂಗೈ ಊದಿ ಕಲ್ಲಾಯಿತು. ಊಟಿಯಲ್ಲಿ ಕೈ ಕೊಯ್ದು ಹೆಪ್ಪು ತೆಗೆದರು. ಕೈ ಉಳಿಯಿತು. ಆದರೆ ಒಳಗೆ ಅಮುಕಿಹೋದ ನರ ಚೇತರಿಸಲಿಲ್ಲ. ಹೆಬ್ಬೆರಳಿಗೂ ತೋರುಬೆರಳಿಗೂ ಸ್ಪರ್ಶವೇ ಇಲ್ಲವಾಯಿತು. ಬೇರೆ ಯಾವ ಬೆರಳಾದರೂ ಆಗಬಾರದಿತ್ತೇ ಎಂದು ನಾನು ಎಷ್ಟೋ ಸಲ ಅತ್ತಿದ್ದೇನೆ.

ಅವಳು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಮ್ಮ ಎಲೆ ಕೆಡಬಾರದು ಅಂತ ತಾನೇ ಅಕ್ಕಾ ನೀ ಹೇಳಿದ್ದು" ಅನ್ನುತ್ತಾಳೆ. ಕೆಲಸ ಬಿಟ್ಟ ನಾನು ಈಗ ದಿನಾ ಅವಳ ತೋಟಕ್ಕೆ ಹೋಗಿ ಕೈಲಾದಷ್ಟು ಕೀಳುತ್ತೇನೆ. ಅವಳು ಒಂದೊಂದು ಕುಡಿಯನ್ನೂ ಕಣ್ಣಿಟ್ಟು ನೋಡಿ ಕೀಳುತ್ತಾಳೆ.

ಮೊನ್ನೆ ಅವಳು ಕಿತ್ತ ಎಲೆಯ ಮೇಲೆ ರಕ್ತ ಕಂಡೆ. ಹೆಬ್ಬೆರಳು ಕೊಯ್ದುಕೊಂಡದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಈಗ ನನ್ನ ಸೊಂಟದ ಚೀಲದಲ್ಲಿ ಯಾವಾಗಲೂ ಗಾಜ್ ಇರುತ್ತದೆ. ಅದನ್ನು ಗಾಯದ ಮೇಲಿಟ್ಟು ಬಲವಾಗಿ ಒತ್ತಿ ಹಿಡಿದೆ. ನೂರಲ್ಲ, ಆರುನೂರು ಎಣಿಸಿದೆ. ಕೆಳಗೆ ರಸ್ತೆಯಲ್ಲಿ ಲೀಫ್ ಗಾಡಿ ಹಾರನ್ ಹೊಡೆಯಿತು; ಬಿಡಲಿಲ್ಲ.

"ನೋವಾಗ್ತಿದೆಯಾ?" ಎಂದೆ, ಅಭ್ಯಾಸಬಲದಿಂದ.

ಅವಳು ಗಾಡಿಯ ಕಡೆ ನೋಡುತ್ತಿದ್ದಳು. "ನೀ ಇನ್ನೂ ಹಿಡ್ಕೊಂಡೇ ಇದ್ದೀಯಾ ಅಕ್ಕಾ?" ಎಂದಳು.